ತಂತ್ರಾಂಶದ ಸಹಾಯಕ ಫೋಲ್ಡರ್‌ಗಳು: ಕಛೇರಿಯ ದಾಖಲೆ ನಿಜವಾಗಿ ಎಲ್ಲಿರುತ್ತದೆ?

ಗ್ರಾಮ ಪಂಚಾಯಿತಿ ಕಛೇರಿಯೊಂದರ ಗಣಕಯಂತ್ರ ನಿಧಾನವಾಗಿದೆಯೆಂದು ಭಾವಿಸೋಣ. ದುರಸ್ತಿಗೆ ಬಂದವರು ವಿಂಡೋಸ್ ಅನ್ನು ಹೊಸದಾಗಿ ಸ್ಥಾಪಿಸಬೇಕೆನ್ನುತ್ತಾರೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳಲ್ಲಿದ್ದ ಎಲ್ಲವನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು, ಡಿಸ್ಕನ್ನು ಅಳಿಸಿ, ತಂತ್ರಾಂಶಗಳನ್ನು ಮರುಸ್ಥಾಪಿಸಿ, ಸಂಜೆಯೊಳಗೆ ಯಂತ್ರವನ್ನು ಒಪ್ಪಿಸುತ್ತಾರೆ. ಪತ್ರಗಳೆಲ್ಲ ಯಥಾಸ್ಥಿತಿಯಲ್ಲಿರುವಂತೆ ಕಾಣುತ್ತದೆ. ಮರುದಿನ ಬೆಳಿಗ್ಗೆ ಒಂದೊಂದೇ ಕೊರತೆ ತಿಳಿಯತೊಡಗುತ್ತದೆ. ಪರದೆಯ ಮೇಲೆ ಅಂಟಿಸಿಟ್ಟಿದ್ದ ಹಳದಿ ಟಿಪ್ಪಣಿ ಚೀಟಿಗಳಿಲ್ಲ. ಪದಸಂಸ್ಕರಣೆಯ ತಂತ್ರಾಂಶಕ್ಕೆ ವರ್ಷಗಟ್ಟಲೆ ಕಲಿಸಿದ್ದ ಗ್ರಾಮಗಳ, ಕುಟುಂಬಗಳ ಹೆಸರುಗಳ ಪದಪಟ್ಟಿ ಇಲ್ಲ. ಹಳೆಯ ತೆರಿಗೆ ಬೇಡಿಕೆಯನ್ನು ಬರೆದಿಟ್ಟಿದ್ದ ಸ್ಥಳೀಯ ತಂತ್ರಾಂಶ ತೆರೆಯುತ್ತದೆ, ಒಳಗೆ ಒಂದು ಸಾಲೂ ಇಲ್ಲ. ಹಿಂದಿನ ನಡಾವಳಿಯ ಕಡತ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ.

ಇಲ್ಲಿ ಯಾರದೂ ದುರುದ್ದೇಶವಿಲ್ಲ. ದುರಸ್ತಿಗೆ ಬಂದವರು ಕಣ್ಣಿಗೆ ಕಂಡ ಎಲ್ಲವನ್ನೂ ಉಳಿಸಿದ್ದಾರೆ. ಹೋದದ್ದೆಲ್ಲ ಕಣ್ಣಿಗೆ ಕಾಣದ ಜಾಗದಲ್ಲಿತ್ತು. ಆ ಜಾಗವೇ ಸಹಾಯಕ ಫೋಲ್ಡರ್. ಗಣಕಯಂತ್ರದಲ್ಲಿ ಸ್ಥಾಪಿಸಿದ ಪ್ರತಿಯೊಂದು ತಂತ್ರಾಂಶವೂ ತನ್ನ ಕೆಲಸಕ್ಕೆ ಬೇಕಾದ ಕಡತಗಳನ್ನು ಬಳಕೆದಾರರನ್ನು ಕೇಳದೆ ಎಲ್ಲೋ ಒಂದೆಡೆ ಇಟ್ಟುಕೊಳ್ಳುತ್ತದೆ. ಅವು ಎಲ್ಲಿರಬೇಕು, ಯಾವುದು ಯಾವುದರೊಡನೆ ಬೆರೆಯಬಾರದು, ಕಛೇರಿಯು ಅವುಗಳ ಬಗ್ಗೆ ಏನನ್ನು ತಿಳಿದಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಈ ವಿಷಯ ಈಗ ಏಕೆ ಮುಖ್ಯ

ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿದೆ. ಭದ್ರತಾ ಪರಿಷ್ಕರಣೆ ದೊರೆಯದ ಯಂತ್ರದಲ್ಲಿ ಡಿಜಿಟಲ್ ಸಹಿ ಹಾಗೂ ಪಾವತಿಯ ಕೆಲಸ ಮಾಡುವುದು ಸುರಕ್ಷಿತವಲ್ಲದ ಕಾರಣ ಯಂತ್ರಗಳನ್ನು ಬದಲಿಸುವ ಅಥವಾ ಮೇಲ್ದರ್ಜೆಗೇರಿಸುವ ಕೆಲಸ ಅನಿವಾರ್ಯ. ಹೀಗೆ ಬದಲಿಸುವ ದಿನವೇ ದಾಖಲೆ ಕಳೆದುಹೋಗುವ ದಿನವೂ ಆಗಬಲ್ಲದು.

ಎರಡನೆಯ ಕಾರಣ ನಮ್ಮ ಭಾಗಕ್ಕೇ ಸಂಬಂಧಿಸಿದ್ದು. ಇಲ್ಲಿ ಆಡಳಿತದ ಗಡಿಗಳು ಪದೇ ಪದೇ ಬದಲಾಗಿವೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳೊಡನೆ ಹೊಸ ಜಿಲ್ಲೆಗೆ ಸೇರಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಸಂಡೂರು ತಾಲ್ಲೂಕಿನ ಕುರೆಕುಪ್ಪವು ತೋರಣಗಲ್ಲು ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ ಬೆಳೆದ ಊರು. ಹಿಂದೆ ಅದನ್ನು ಜನಗಣತಿ ಪಟ್ಟಣವೆಂದು, ಅಂದರೆ ಜನಸಂಖ್ಯೆ ಮತ್ತು ಉದ್ಯೋಗದ ಲಕ್ಷಣದಲ್ಲಿ ಪಟ್ಟಣವಾಗಿದ್ದು ಆಡಳಿತದಲ್ಲಿ ಇನ್ನೂ ಗ್ರಾಮೀಣವಾಗಿರುವ ಊರೆಂದು, ಗುರುತಿಸಲಾಗಿತ್ತು. ಇಂದು ಅಲ್ಲಿ ಪುರಸಭೆಯಿದೆ.

ಊರು ಗ್ರಾಮೀಣ ಆಡಳಿತದಿಂದ ಪುರಸಭೆಗೆ, ತಾಲ್ಲೂಕು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಸೇರುವಾಗ ದಾಖಲೆಗಳೂ ಜೊತೆಯಲ್ಲಿ ಸಾಗಬೇಕು. ಕಾಗದದ ಕಡತಗಳಿಗೆ ಹಸ್ತಾಂತರ ಪಟ್ಟಿ ಇರುತ್ತದೆ. ವಹಿ ಇಷ್ಟು, ಸಂಪುಟ ಇಷ್ಟು ಎಂದು ಎಣಿಸಿ ಸಹಿ ಪಡೆಯಲಾಗುತ್ತದೆ. ಆದರೆ ಗಣಕಯಂತ್ರದ ಒಳಗಿನ ಅಡಗಿದ ಫೋಲ್ಡರ್ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಈ ಭಾಗದ ಹಿರಿಯರಿಗೆ ಹಗೇವು ಹೊಸದಲ್ಲ. ಜೋಳವನ್ನು ನೆಲದೊಳಗೆ ತುಂಬಿ ಬಾಯಿ ಮುಚ್ಚಿದರೆ ಮೇಲೆ ನಡೆದವರಿಗೂ ಗುರುತು ಸಿಗುತ್ತಿರಲಿಲ್ಲ. ಜಾಗ ಬಲ್ಲ ಯಜಮಾನರು ಅದನ್ನು ಮಕ್ಕಳಿಗೆ ತೋರಿಸಿಡುತ್ತಿದ್ದರು. ಸಹಾಯಕ ಫೋಲ್ಡರ್ ಕಛೇರಿಯ ಹಗೇವು. ಅದು ಅಡಗಿರುವುದರಲ್ಲಿ ತಪ್ಪಿಲ್ಲ, ಅದರ ಗುರುತು ಯಾರಿಗೂ ಇಲ್ಲದಿರುವುದು ತಪ್ಪು.

ಒಂದು ತಂತ್ರಾಂಶ, ಆರು ಬಗೆಯ ಕಡತಗಳು

ಹೊರಗಿನಿಂದ ಒಂದೇ ವಸ್ತುವಿನಂತೆ ಕಾಣುವ ತಂತ್ರಾಂಶವು ಒಳಗೆ ಆರು ಬಗೆಯ ಕಡತಗಳನ್ನು ಹೊಂದಿರುತ್ತದೆ.

1. ಕಾರ್ಯಕ್ರಮದ ಕಡತಗಳು. ತಂತ್ರಾಂಶವನ್ನು ನಡೆಸುವ ಮೂಲ ಕಡತಗಳಿವು. ಇವು ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುತ್ತವೆ. ಅಳಿದರೆ ಮತ್ತೆ ಸ್ಥಾಪಿಸಬಹುದು.

2. ಹೊಂದಿಕೆಯ ಕಡತಗಳು. ಬಳಕೆದಾರರು ಮಾಡಿಕೊಂಡ ಆಯ್ಕೆಗಳು: ಅಕ್ಷರದ ಗಾತ್ರ, ಮುದ್ರಕದ ಹೆಸರು, ಪದಪಟ್ಟಿ, ಮಾದರಿ ಪತ್ರಗಳು. ಅಳಿದರೆ ಕೆಲಸ ನಿಲ್ಲುವುದಿಲ್ಲ, ಆದರೆ ವರ್ಷಗಳ ಅನುಕೂಲ ಹೋಗುತ್ತದೆ.

3. ದತ್ತಾಂಶ. ತಂತ್ರಾಂಶದ ಮೂಲಕ ಕಛೇರಿ ಬರೆದಿಟ್ಟ ಮಾಹಿತಿ: ತೆರಿಗೆ ಪಟ್ಟಿ, ಲೆಕ್ಕ, ಸ್ವೀಕೃತಿ ವಿವರ. ಅಳಿದರೆ ಮತ್ತೆ ಬಾರದು.

4. ಕ್ಯಾಶ್. ಬೇಗನೆ ದೊರೆಯಲೆಂದು ಇಟ್ಟುಕೊಂಡ ನಕಲು. ಅಳಿದರೆ ನಷ್ಟವಿಲ್ಲ, ತಂತ್ರಾಂಶ ಮತ್ತೆ ತಯಾರಿಸಿಕೊಳ್ಳುತ್ತದೆ.

5. ಲಾಗ್. ತಂತ್ರಾಂಶ ಯಾವಾಗ ಏನು ಮಾಡಿತು, ಎಲ್ಲಿ ಎಡವಿತು ಎಂಬ ದಿನಚರಿ. ದೋಷ ಪತ್ತೆಗೆ ಬೇಕು. ಮಿತಿ ಮೀರಿ ಬೆಳೆಯಬಾರದು.

6. ತಾತ್ಕಾಲಿಕ ಕಡತಗಳು. ಕೆಲಸ ನಡೆಯುವಷ್ಟು ಹೊತ್ತು ಮಾತ್ರ ಬೇಕಾದವು. ಕೆಲಸ ಮುಗಿದೊಡನೆ ತಂತ್ರಾಂಶವೇ ಅಳಿಸಬೇಕು.

ಈ ವಿಂಗಡಣೆಯ ತಿರುಳು ಒಂದೇ ಪ್ರಶ್ನೆಯಲ್ಲಿದೆ: ಈ ಕಡತ ಅಳಿದರೆ ಮತ್ತೆ ದೊರೆಯುತ್ತದೆಯೇ? ದೊರೆಯುವುದನ್ನೂ ದೊರೆಯದಿರುವುದನ್ನೂ ಒಂದೇ ಫೋಲ್ಡರ್‌ನಲ್ಲಿ ಬೆರೆಸಬಾರದು. ಬಿತ್ತನೆಯ ಬೀಜವನ್ನು ಮೇವಿನ ಬಣವೆಯಲ್ಲಿ ಯಾರೂ ಇಡುವುದಿಲ್ಲ. ಬೆರೆಸಿಟ್ಟ ತಂತ್ರಾಂಶದಲ್ಲಿ, ಜಾಗ ಸಾಲದೆಂದು ಕ್ಯಾಶ್ ಅಳಿಸಲು ಹೊರಟವರು ತಿಳಿಯದೆ ತೆರಿಗೆ ಪಟ್ಟಿಯನ್ನೇ ಅಳಿಸುವ ಸಂಭವವಿದೆ.

ವಿಂಡೋಸ್‌ನಲ್ಲಿ ಯಾವುದು ಎಲ್ಲಿ

ವಿಂಡೋಸ್ ಈ ಬಗೆಗಳಿಗೆ ಬೇರೆ ಬೇರೆ ಜಾಗಗಳನ್ನು ನಿಗದಿಪಡಿಸಿದೆ. ಕಾರ್ಯಕ್ರಮದ ಕಡತಗಳು ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿರಬೇಕು. ಸ್ಥಾಪನೆಯ ನಂತರ ಸಾಮಾನ್ಯ ಬಳಕೆದಾರರು ಅಲ್ಲಿ ಏನನ್ನೂ ಬರೆಯುವಂತಿಲ್ಲ. ಯಂತ್ರವನ್ನು ಬಳಸುವ ಎಲ್ಲರಿಗೂ ಸಮಾನವಾದ ದತ್ತಾಂಶಕ್ಕೆ ಪ್ರೋಗ್ರಾಂಡೇಟಾ ಎಂಬ ಫೋಲ್ಡರ್ ಇದೆ. ಅದು ಸಾಮಾನ್ಯವಾಗಿ ಅಡಗಿರುತ್ತದೆ. ಒಬ್ಬೊಬ್ಬ ಬಳಕೆದಾರರಿಗೆ ಸೇರಿದ್ದಕ್ಕೆ ಅವರವರ ಖಾತೆಯ ಫೋಲ್ಡರ್‌ನೊಳಗೆ ಆಪ್‌ಡೇಟಾ ಎಂಬ ಅಡಗಿದ ಫೋಲ್ಡರ್ ಇದೆ.

ಆಪ್‌ಡೇಟಾದೊಳಗೆ ರೋಮಿಂಗ್, ಲೋಕಲ್, ಲೋಕಲ್‌ಲೋ ಎಂಬ ಮೂರು ಭಾಗಗಳಿವೆ. ಜಾಲಬಂಧದ ವ್ಯವಸ್ಥೆಯಿರುವ ದೊಡ್ಡ ಕಛೇರಿಗಳಲ್ಲಿ ಬಳಕೆದಾರರು ಬೇರೆ ಯಂತ್ರಕ್ಕೆ ಹೋದರೂ ಅವರೊಡನೆ ಹೋಗಬೇಕಾದ ಹೊಂದಿಕೆಗಳು ರೋಮಿಂಗ್‌ನಲ್ಲಿರಬೇಕು. ಆ ಯಂತ್ರಕ್ಕೇ ಸೀಮಿತವಾದವು, ಕ್ಯಾಶ್‌ನಂತಹ ಭಾರಿ ಕಡತಗಳು, ಲೋಕಲ್‌ನಲ್ಲಿರಬೇಕು. ಕಡಿಮೆ ಅಧಿಕಾರದಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ಲೋಕಲ್‌ಲೋ ಮೀಸಲು. ತಾತ್ಕಾಲಿಕ ಕಡತಗಳಿಗೆ ಲೋಕಲ್‌ನೊಳಗೇ ಟೆಂಪ್ ಎಂಬ ಫೋಲ್ಡರ್ ಇದೆ.

ಫೈರ್‌ಫಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬುಕ್‌ಮಾರ್ಕ್ ಮತ್ತು ಹೊಂದಿಕೆಗಳು ರೋಮಿಂಗ್‌ನೊಳಗಿನ ಮೊಜಿಲ್ಲಾ ಫೋಲ್ಡರ್‌ನಲ್ಲಿವೆ, ಕ್ಯಾಶ್ ಲೋಕಲ್‌ನೊಳಗಿದೆ. ಮೊದಲಿನದನ್ನು ನಕಲು ಮಾಡಿಟ್ಟುಕೊಂಡರೆ ಸಾಕು, ಎರಡನೆಯದನ್ನು ನಿಶ್ಚಿಂತೆಯಿಂದ ಅಳಿಸಬಹುದು. ಮೈಕ್ರೋಸಾಫ್ಟ್ ವರ್ಡ್ ತನ್ನ ಮೂಲ ಮಾದರಿ ಪತ್ರವನ್ನೂ ಬಳಕೆದಾರರು ಸೇರಿಸಿದ ಪದಪಟ್ಟಿಯನ್ನೂ ರೋಮಿಂಗ್‌ನೊಳಗಿನ ಮೈಕ್ರೋಸಾಫ್ಟ್ ಫೋಲ್ಡರ್‌ನಲ್ಲಿ ಇಡುತ್ತದೆ. ಲಿಬ್ರೆ ಆಫೀಸ್ ಕೂಡ ರೋಮಿಂಗ್‌ನಲ್ಲೇ ತನ್ನ ಹೆಸರಿನ ಫೋಲ್ಡರ್ ಮಾಡಿಕೊಂಡು ಪದಪಟ್ಟಿಯನ್ನು ಅದರಲ್ಲಿಡುತ್ತದೆ.

ಪರದೆಯ ಹಳದಿ ಚೀಟಿಗಳ ಸಂಗತಿ ಇನ್ನೂ ಬೋಧಪ್ರದ. ಸ್ಟಿಕಿ ನೋಟ್ಸ್ ಚೀಟಿಗಳು ಡೆಸ್ಕ್‌ಟಾಪ್ ಮೇಲೆ ಕಾಣುತ್ತವೆ, ಆದರೆ ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲಿ ಇರುವುದಿಲ್ಲ. ವಿಂಡೋಸ್ 7ರಲ್ಲಿ ಅವು ರೋಮಿಂಗ್‌ನೊಳಗೆ ಒಂದೇ ಕಡತದಲ್ಲಿದ್ದವು. ವಿಂಡೋಸ್ 10ರಲ್ಲಿ ಲೋಕಲ್‌ನೊಳಗಿನ ಪ್ಯಾಕೇಜಸ್ ಫೋಲ್ಡರ್‌ನ ಒಂದು ದತ್ತಸಂಚಯದಲ್ಲಿವೆ. ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೊಂದಾಣಿಕೆ ಮಾಡಿಕೊಂಡಿರದಿದ್ದರೆ ಡೆಸ್ಕ್‌ಟಾಪ್ ನಕಲು ಮಾಡಿದವರಿಗೆ ಒಂದು ಚೀಟಿಯೂ ದಕ್ಕದು. ಒನ್‌ಡ್ರೈವ್‌ನ ಫೋಲ್ಡರ್ ಬ್ಯಾಕಪ್ ಸೌಲಭ್ಯವೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂತಹ ಫೋಲ್ಡರ್‌ಗಳಿಗೆ ಮಾತ್ರ. ಆಪ್‌ಡೇಟಾ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ‘ಎಲ್ಲವೂ ಕ್ಲೌಡ್‌ನಲ್ಲಿದೆ’ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ.

ಲಿನಕ್ಸ್ ಯಂತ್ರಗಳಲ್ಲಿಯೂ ತತ್ವ ಇದೇ. 2003ರಿಂದ ಪ್ರಚಾರದಲ್ಲಿರುವ ಒಂದು ಸಾಮಾನ್ಯ ನಿರ್ದಿಷ್ಟತೆಯ ಪ್ರಕಾರ ಬಳಕೆದಾರರ ಮನೆ ಫೋಲ್ಡರ್‌ನಲ್ಲಿ ಹೊಂದಿಕೆಗೆ, ದತ್ತಾಂಶಕ್ಕೆ, ಕ್ಯಾಶ್‌ಗೆ ಪ್ರತ್ಯೇಕ ಫೋಲ್ಡರ್‌ಗಳಿರುತ್ತವೆ. ಅವುಗಳ ಹಾದಿ ಚುಕ್ಕಿಯಿಂದ ಆರಂಭವಾಗುವ ಹೆಸರಿನಿಂದಾಗಿ ಅಡಗಿರುತ್ತದೆ. ಮ್ಯಾಕ್ ಯಂತ್ರಗಳಲ್ಲಿ ಲೈಬ್ರರಿ ಫೋಲ್ಡರ್‌ನೊಳಗೆ ಅಪ್ಲಿಕೇಶನ್ ಸಪೋರ್ಟ್, ಪ್ರಿಫರೆನ್ಸಸ್, ಕ್ಯಾಶಸ್ ಎಂಬ ವಿಭಾಗಗಳಿವೆ. ಹೆಸರು ಬೇರೆಯಾದರೂ ವಿಂಗಡಣೆ ಒಂದೇ.

ಹಳೆಯ ತಂತ್ರಾಂಶ ಮತ್ತು ನೆರಳು ಪ್ರತಿ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಹುತೇಕರು ಪೂರ್ಣ ಅಧಿಕಾರದ ಖಾತೆಯಲ್ಲೇ ಕೆಲಸ ಮಾಡುತ್ತಿದ್ದರು. ಆಗ ಬರೆದ ಅನೇಕ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಪ್ರೋಗ್ರಾಂ ಫೈಲ್ಸ್‌ನೊಳಗೆ, ತಾವು ಸ್ಥಾಪನೆಗೊಂಡ ಫೋಲ್ಡರ್‌ನಲ್ಲೇ ಬರೆಯುತ್ತಿದ್ದವು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಇದನ್ನು ನಿರ್ಬಂಧಿಸಿತು. ಆದರೆ ಹಳೆಯ ತಂತ್ರಾಂಶಗಳು ಒಮ್ಮೆಗೇ ನಿಲ್ಲಬಾರದೆಂದು ಒಂದು ಉಪಾಯವನ್ನೂ ಮಾಡಿತು. ಹಳೆಯ ತಂತ್ರಾಂಶ ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ಯತ್ನಿಸಿದಾಗ ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ಬಳಕೆದಾರರ ಆಪ್‌ಡೇಟಾದ ಲೋಕಲ್‌ನೊಳಗಿನ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರ್‌ಗೆ ತಿರುಗಿಸುತ್ತದೆ. ಓದುವಾಗಲೂ ಮೊದಲು ಅಲ್ಲೇ ನೋಡುತ್ತದೆ. ತಂತ್ರಾಂಶಕ್ಕೆ ಇದು ತಿಳಿಯುವುದೇ ಇಲ್ಲ.

ಪರಿಣಾಮವನ್ನು ಗಮನಿಸಬೇಕು. ಕಾರ್ಯದರ್ಶಿಯವರ ಖಾತೆಯಲ್ಲಿ ಬರೆದ ತೆರಿಗೆ ಪಟ್ಟಿ ಅವರ ನೆರಳು ಪ್ರತಿಯಲ್ಲಿ ಉಳಿಯುತ್ತದೆ. ಗಣಕಯಂತ್ರ ನಿರ್ವಾಹಕರು ತಮ್ಮ ಖಾತೆಯಿಂದ ಅದೇ ತಂತ್ರಾಂಶ ತೆರೆದರೆ ಅವರಿಗೆ ಬೇರೆ ಪಟ್ಟಿ ಕಾಣುತ್ತದೆ. ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದರೆ ಪ್ರೋಗ್ರಾಂ ಫೈಲ್ಸ್‌ನ ಮೂಲ ಕಡತ ಕಾಣುತ್ತದೆ. ಒಂದೇ ಯಂತ್ರ, ಒಂದೇ ತಂತ್ರಾಂಶ, ಮೂರು ಪಟ್ಟಿಗಳು. ಬಾಕಿ ತೆರಿಗೆಯ ಮೊತ್ತದಲ್ಲಿ ವ್ಯತ್ಯಾಸ ಕಂಡಾಗ ಅನುಮಾನ ಮನುಷ್ಯರ ಮೇಲೆ ಹೋಗುತ್ತದೆ. ಹಳೆಯ ಸ್ಥಳೀಯ ತಂತ್ರಾಂಶ ಬಳಸುವ ಕಛೇರಿಗಳು ಯಾರನ್ನಾದರೂ ಪ್ರಶ್ನಿಸುವ ಮೊದಲು ಪ್ರತಿಯೊಂದು ಖಾತೆಯ ವರ್ಚುವಲ್‌ಸ್ಟೋರ್ ಫೋಲ್ಡರನ್ನು ಪರಿಶೀಲಿಸುವುದು ನ್ಯಾಯವೂ ಹೌದು, ವಿವೇಕವೂ ಹೌದು.

ಮತ್ತೊಂದು ಅಪಾಯ ವರ್ಗಾವಣೆಯದು. ನೌಕರರು ವರ್ಗವಾದ ಮೇಲೆ ಅವರ ವಿಂಡೋಸ್ ಖಾತೆಯನ್ನು ಕಡತಗಳ ಸಹಿತ ಅಳಿಸಿದರೆ ಆ ಖಾತೆಯ ಆಪ್‌ಡೇಟಾ ಪೂರ್ಣವಾಗಿ ಹೋಗುತ್ತದೆ. ಅದರಲ್ಲಿ ಅವರ ಸ್ವಂತ ಹೊಂದಿಕೆಗಳಷ್ಟೇ ಇರುತ್ತವೆಂದು ಭಾವಿಸುವಂತಿಲ್ಲ.

ಕನ್ನಡಕ್ಕೆ ಸಂಬಂಧಿಸಿದ ತೊಡಕುಗಳು

ಒಂದು ಸಹಾಯಕ ಕಡತ ಕನ್ನಡದ ಕಛೇರಿಗಳಿಗೆ ದಾಖಲೆಯಷ್ಟೇ ಮುಖ್ಯ. ಅದು ಫಾಂಟ್. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂದಿತು. ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಛೇರಿಗಳಲ್ಲಿ ವ್ಯಾಪಕವಾಯಿತು. ಯೂನಿಕೋಡ್ ರೂಢಿಗೆ ಬರುವ ಮೊದಲು ಈ ಬಗೆಯ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳಲ್ಲಿ ಕಡತದೊಳಗೆ ಉಳಿದಿರುವುದು ಕನ್ನಡ ಅಕ್ಷರಗಳ ಸಂಕೇತವಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಸಂಕೇತಗಳಿಗೆ ಕನ್ನಡದ ರೂಪ ತೊಡಿಸುವುದು ನುಡಿ 01 ಇ ಮುಂತಾದ ಫಾಂಟ್. ಫಾಂಟ್ ಇಲ್ಲದಿದ್ದರೆ ನಡಾವಳಿ ಇದ್ದೂ ಇಲ್ಲದಂತೆ. ತಂತ್ರಾಂಶವನ್ನು ತೆಗೆದುಹಾಕುವಾಗ ಫಾಂಟ್ ಕೂಡ ಅಳಿದರೆ ಅಲ್ಲಿಗೆ ಓದುವ ಕೀಲಿ ಕಳೆದಂತೆಯೇ. ಆದ್ದರಿಂದ ಹಳೆಯ ಪತ್ರಗಳ ಬ್ಯಾಕಪ್‌ನೊಡನೆ ಅವುಗಳ ಫಾಂಟ್ ಕಡತಗಳನ್ನೂ ಇಡಬೇಕು. ಪತ್ರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಮೂಲ ಕಡತವನ್ನು ಅಳಿಸಬಾರದು. ಪರಿವರ್ತನೆಯಲ್ಲಿ ಒತ್ತಕ್ಷರ ಅಥವಾ ಅಂಕಿ ತಪ್ಪಿದ್ದರೆ ತಾಳೆ ನೋಡಲು ಅದೊಂದೇ ಆಧಾರ.

ಎರಡನೆಯದು ಫಾಂಟ್ ಇರುವ ಜಾಗ. ಮೊದಲು ಫಾಂಟ್‌ಗಳು ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿ ಮಾತ್ರ ಸ್ಥಾಪನೆಯಾಗುತ್ತಿದ್ದವು. ಎಲ್ಲ ಖಾತೆಗಳಿಗೂ ದೊರೆಯುತ್ತಿದ್ದವು. ವಿಂಡೋಸ್ 10ರ 1809ನೆಯ ಆವೃತ್ತಿಯಿಂದ ಸಾಮಾನ್ಯ ಸ್ಥಾಪನೆ ಆ ಬಳಕೆದಾರರಿಗೆ ಮಾತ್ರ. ಕಡತ ಅವರ ಆಪ್‌ಡೇಟಾದ ಲೋಕಲ್‌ನೊಳಗೆ ಉಳಿಯುತ್ತದೆ. ಒಬ್ಬರ ಖಾತೆಯಲ್ಲಿ ಸರಿಯಾಗಿ ಕಾಣುವ ಪತ್ರ ಅದೇ ಯಂತ್ರದ ಇನ್ನೊಬ್ಬರ ಖಾತೆಯಲ್ಲಿ ಓದಲಾಗದಿರುವುದಕ್ಕೆ ಇದು ಕಾರಣವಾಗಿರಬಹುದು. ಫಾಂಟ್ ಕಡತದ ಮೇಲೆ ಬಲಗುಂಡಿ ಒತ್ತಿ, ಎಲ್ಲ ಬಳಕೆದಾರರಿಗೂ ಸ್ಥಾಪಿಸುವ ಆಯ್ಕೆಯನ್ನು ಆರಿಸಿದರೆ ತೊಡಕು ನಿವಾರಣೆಯಾಗುತ್ತದೆ.

ಮೂರನೆಯದು ಹೆಸರುಗಳು. ವಿಂಡೋಸ್ ಖಾತೆಯ ಹೆಸರನ್ನು ಕನ್ನಡ ಲಿಪಿಯಲ್ಲಿ ಇಟ್ಟರೆ ಆಪ್‌ಡೇಟಾದ ಹಾದಿಯಲ್ಲೂ ಕನ್ನಡ ಬರುತ್ತದೆ. ಯೂನಿಕೋಡ್ ಅರಿಯದ ಹಳೆಯ ತಂತ್ರಾಂಶ ಆ ಹಾದಿಯಲ್ಲಿ ತನ್ನ ಫೋಲ್ಡರನ್ನೇ ಕಾಣದೆ ನಿಲ್ಲಬಹುದು. ದೋಷ ತಂತ್ರಾಂಶದ್ದು, ಕನ್ನಡದ್ದಲ್ಲ. ಕಡತದ ಹೆಸರಿನ ಉದ್ದವೂ ಗಮನಾರ್ಹ. ‘ಕುರೆಕುಪ್ಪ’ ಎಂಬುದು ಕಣ್ಣಿಗೆ 4 ಅಕ್ಷರ. ಗಣಕಯಂತ್ರಕ್ಕೆ ಅದು 9 ಸಂಕೇತ, ಲಿನಕ್ಸ್‌ನ ಸಾಮಾನ್ಯ ಲೆಕ್ಕದಲ್ಲಿ 27 ಬೈಟ್. ಲಿನಕ್ಸ್‌ನ ಹೆಚ್ಚಿನ ಕಡತ ವ್ಯವಸ್ಥೆಗಳಲ್ಲಿ ಹೆಸರಿಗೆ 255 ಬೈಟ್‌ಗಳ ಮಿತಿಯಿದೆ. ಕನ್ನಡದಲ್ಲಿ ಅದು 85 ಸಂಕೇತಗಳಿಗೆ ಮುಗಿಯುತ್ತದೆ. ವಿಂಡೋಸ್‌ನ ಅನೇಕ ತಂತ್ರಾಂಶಗಳು ಪೂರ್ಣ ಹಾದಿಗೆ 260 ಸಂಕೇತಗಳ ಮಿತಿಯನ್ನು ಇನ್ನೂ ಪಾಲಿಸುತ್ತವೆ. ಕಾಮಗಾರಿಯ ಪೂರ್ಣ ಶೀರ್ಷಿಕೆಯನ್ನೇ ಕಡತದ ಹೆಸರಾಗಿಟ್ಟರೆ ನಕಲು ಮಾಡುವಾಗ ಕೆಲವು ಕಡತಗಳು ಹಿಂದುಳಿಯುವುದು ಈ ಕಾರಣಕ್ಕೆ. ಚಿಕ್ಕ ಹೆಸರು, ವರ್ಷ ಮತ್ತು ಕ್ರಮಸಂಖ್ಯೆ ಸಾಕು.

ಉತ್ತಮ ತಂತ್ರಾಂಶದ ಲಕ್ಷಣಗಳು

ಕಛೇರಿಗೆ ಸ್ಥಳೀಯವಾಗಿ ತಂತ್ರಾಂಶ ಮಾಡಿಸುವಾಗ ಅಥವಾ ಖರೀದಿಸುವಾಗ ಒದಗಿಸುವವರಿಂದ ಈ ಕೆಳಗಿನವುಗಳನ್ನು ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ.

1. ಕಾರ್ಯಕ್ರಮದ ಫೋಲ್ಡರ್‌ನಲ್ಲಿ ತಂತ್ರಾಂಶ ಏನನ್ನೂ ಬರೆಯಬಾರದು. ನಡೆಯಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಡಬಾರದು.

2. ಫೋಲ್ಡರ್‌ನ ಹಾದಿಯನ್ನು ತಂತ್ರಾಂಶದೊಳಗೆ ಸ್ಥಿರವಾಗಿ ಬರೆದಿಡಬಾರದು. ಕಾರ್ಯಾಚರಣ ವ್ಯವಸ್ಥೆಯನ್ನೇ ಕೇಳಿ ತಿಳಿಯಬೇಕು. ವಿಂಡೋಸ್ ಸಿ ಡ್ರೈವ್‌ನಲ್ಲೇ ಇರಬೇಕೆಂದಿಲ್ಲ, ಖಾತೆಯ ಹೆಸರು ಇಂಗ್ಲಿಷ್‌ನಲ್ಲೇ ಇರಬೇಕೆಂದೂ ಇಲ್ಲ.

3. ಕಛೇರಿಯ ದತ್ತಾಂಶ ಒಬ್ಬರ ಖಾತೆಯೊಳಗೆ ಅಡಗಿರಬಾರದು. ಎಲ್ಲರಿಗೂ ಸಮಾನವಾದ, ಕಛೇರಿಯೇ ಆರಿಸಿದ, ಕಣ್ಣಿಗೆ ಕಾಣುವ ಫೋಲ್ಡರ್‌ನಲ್ಲಿರಬೇಕು. ಆ ಹಾದಿಯನ್ನು ತಂತ್ರಾಂಶ ತನ್ನ ಪರದೆಯಲ್ಲೇ ತೋರಿಸಬೇಕು.

4. ಉಳಿಸುವಾಗ ಹಳೆಯ ಕಡತದ ಮೇಲೆ ನೇರವಾಗಿ ಬರೆಯಬಾರದು. ಪಕ್ಕದಲ್ಲಿ ಹೊಸ ಕಡತವನ್ನು ಪೂರ್ಣವಾಗಿ ಬರೆದು, ಡಿಸ್ಕ್‌ಗೆ ತಲುಪಿದ್ದನ್ನು ಖಚಿತಪಡಿಸಿಕೊಂಡು, ನಂತರ ಹೆಸರು ಬದಲಿಸಬೇಕು. ನಡುವೆ ವಿದ್ಯುತ್ ಹೋದರೆ ಹಳೆಯದಾದರೂ ಉಳಿಯುತ್ತದೆ.

5. ಹೊಸ ಆವೃತ್ತಿಯು ಹಳೆಯ ದತ್ತಾಂಶದ ರೂಪವನ್ನು ಬದಲಿಸುವ ಮುನ್ನ ತಾನೇ ಒಂದು ನಕಲನ್ನು ತೆಗೆದಿಡಬೇಕು.

6. ತಂತ್ರಾಂಶವನ್ನು ತೆಗೆದುಹಾಕಿದಾಗ ಕಾರ್ಯಕ್ರಮ, ಕ್ಯಾಶ್, ತಾತ್ಕಾಲಿಕ ಕಡತಗಳು ಹೋಗಬೇಕು. ದತ್ತಾಂಶವನ್ನು ಅಳಿಸುವ ಮುನ್ನ ಸ್ಪಷ್ಟ ಕನ್ನಡದಲ್ಲಿ ಕೇಳಬೇಕು. ಉತ್ತರ ಬಾರದಿದ್ದರೆ ಉಳಿಸಬೇಕು.

7. ಕ್ಯಾಶ್ ಮತ್ತು ಲಾಗ್‌ಗೆ ಗಾತ್ರದ ಮಿತಿ ಇರಬೇಕು. ಲಾಗ್‌ನಲ್ಲಿ ಪಾಸ್‌ವರ್ಡ್, ಆಧಾರ್ ಸಂಖ್ಯೆ ಮುಂತಾದವು ಬರೆಯಲ್ಪಡಬಾರದು.

8. ದತ್ತಾಂಶವನ್ನು ಯೂನಿಕೋಡ್‌ನಲ್ಲಿ, ಬೇರೆ ತಂತ್ರಾಂಶವೂ ಓದಬಲ್ಲ ಸರಳ ಕೋಷ್ಟಕದ ರೂಪದಲ್ಲಿ ಹೊರತೆಗೆಯುವ ಸೌಲಭ್ಯ ಇರಬೇಕು. ಒದಗಿಸಿದವರು ನಾಳೆ ಇಲ್ಲವಾದರೂ ಊರಿನ ಪಟ್ಟಿ ಊರಿನಲ್ಲೇ ಉಳಿಯಬೇಕು.

ಪಂಚಾಯಿತಿಗಳು ನಿತ್ಯ ಬಳಸುವ ಡಿಜಿಟಲ್ ಸಹಿಯ ಟೋಕನ್ ಈ ವಿಂಗಡಣೆಗೆ ಸ್ಪಷ್ಟ ನಿದರ್ಶನ. ಸಹಿಯ ಖಾಸಗಿ ಕೀಲಿ ಟೋಕನ್‌ನೊಳಗೇ ಇರುತ್ತದೆ. ಯಂತ್ರದಲ್ಲಿರುವುದು ಅದನ್ನು ಗುರುತಿಸುವ ಚಾಲಕ ತಂತ್ರಾಂಶ ಮತ್ತು ಸಹಿ ಮಾಡಿಸುವ ಕಾರ್ಯಕ್ರಮ. ಯಂತ್ರ ಅಳಿದರೆ ಅವನ್ನು ಮತ್ತೆ ಸ್ಥಾಪಿಸಬಹುದು, ಸಹಿ ಹೋಗುವುದಿಲ್ಲ. ಮತ್ತೆ ದೊರೆಯದಿರುವುದನ್ನು ದೊರೆಯುವುದರಿಂದ ಬೇರೆಯಾಗಿಟ್ಟಿದ್ದರಿಂದಲೇ ಇದು ಸಾಧ್ಯವಾಗಿದೆ.

ಕಛೇರಿಯ ಪಾಲು

ಇಂದು ಪಂಚಾಯಿತಿಯ ಬಹುಪಾಲು ಕೆಲಸ ಇ-ಸ್ವತ್ತು, ಪಂಚತಂತ್ರ, ಇ-ಗ್ರಾಮಸ್ವರಾಜ್‌ನಂತಹ ಕೇಂದ್ರೀಕೃತ ವ್ಯವಸ್ಥೆಗಳಲ್ಲಿ ನಡೆಯುತ್ತದೆ. ಅವುಗಳ ದತ್ತಾಂಶ ಕಛೇರಿಯ ಡಿಸ್ಕ್‌ನಲ್ಲಿಲ್ಲ. ಆದರೂ ಆ ವ್ಯವಸ್ಥೆಗಳಿಗೆ ಮೊದಲಿನ ಪಟ್ಟಿಗಳು, ಅಂದಾಜುಗಳ ಕರಡು, ಪತ್ರವ್ಯವಹಾರ, ನಡಾವಳಿಗಳು ಡಿಸ್ಕ್‌ನಲ್ಲೇ ಇವೆ. ಅವುಗಳಿಗಾಗಿ ಕಛೇರಿ ಕೈಗೊಳ್ಳಬಹುದಾದ ಕ್ರಮಗಳು ಸರಳ.

ಮೊದಲನೆಯದಾಗಿ, ಒಂದು ಪುಟದ ‘ತಂತ್ರಾಂಶ ನೆಲೆ ಪಟ್ಟಿ’ ತಯಾರಿಸಬೇಕು. ಅದರಲ್ಲಿ ಐದು ಕಲಂಗಳು ಸಾಕು: ತಂತ್ರಾಂಶದ ಹೆಸರು ಮತ್ತು ಆವೃತ್ತಿ, ದತ್ತಾಂಶ ಇರುವ ಹಾದಿ, ಹೊಂದಿಕೆ ಇರುವ ಹಾದಿ, ಬೇಕಾದ ಫಾಂಟ್, ಕೊನೆಯ ನಕಲಿನ ದಿನಾಂಕ. ಹಾದಿ ತಿಳಿಯಲು ವಿಂಡೋಸ್ ಕೀಲಿ ಮತ್ತು ಆರ್ ಕೀಲಿಯನ್ನು ಒಟ್ಟಿಗೆ ಒತ್ತಿ, ತೆರೆಯುವ ಚೌಕದಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಆಪ್‌ಡೇಟಾ ಎಂದು ಇಂಗ್ಲಿಷ್‌ನಲ್ಲಿ ಬರೆದರೆ ರೋಮಿಂಗ್ ತೆರೆಯುತ್ತದೆ; ಲೋಕಲ್‌ಆಪ್‌ಡೇಟಾ ಎಂದು ಬರೆದರೆ ಲೋಕಲ್ ತೆರೆಯುತ್ತದೆ. ಒಳಗಿನ ಫೋಲ್ಡರ್‌ಗಳಿಗೆ ಸಾಮಾನ್ಯವಾಗಿ ತಂತ್ರಾಂಶದ ಅಥವಾ ತಯಾರಕರ ಹೆಸರೇ ಇರುತ್ತದೆ.

ಎರಡನೆಯದಾಗಿ, ನಕಲು ಮಾಡುವ ಮುನ್ನ ಆ ತಂತ್ರಾಂಶವನ್ನು ಪೂರ್ಣವಾಗಿ ಮುಚ್ಚಬೇಕು. ಅನೇಕ ತಂತ್ರಾಂಶಗಳ ದತ್ತಸಂಚಯ ತೆರೆದಿರುವಾಗ ಇತ್ತೀಚಿನ ಬರಹ ಮುಖ್ಯ ಕಡತದಲ್ಲಿರದೆ ಪಕ್ಕದ ಜೊತೆಗಡತದಲ್ಲಿರುತ್ತದೆ. ಮುಖ್ಯ ಕಡತವನ್ನಷ್ಟೇ ನಕಲು ಮಾಡಿದರೆ ಅಂದಿನ ನಮೂದುಗಳು ತಪ್ಪಿಹೋಗಬಹುದು. ಫೋಲ್ಡರನ್ನು ಇಡಿಯಾಗಿ ನಕಲು ಮಾಡುವುದು ಲೇಸು.

ಮೂರನೆಯದಾಗಿ, ಇ-ಮೇಲ್‌ನಲ್ಲಿ ಬಂದ ಲಗತ್ತನ್ನು ನೇರವಾಗಿ ತೆರೆದು ತಿದ್ದಬಾರದು. ತಿದ್ದಿದ ಪ್ರತಿ ತಾತ್ಕಾಲಿಕ ಫೋಲ್ಡರ್‌ನಲ್ಲಿ ಉಳಿದು, ಮುಂದೆ ಡಿಸ್ಕ್ ಶುಚಿಗೊಳಿಸುವಾಗ ಅಳಿಯಬಹುದು. ಮೊದಲು ಕಛೇರಿಯ ಫೋಲ್ಡರ್‌ಗೆ ಉಳಿಸಿ, ನಂತರ ತೆರೆಯಬೇಕು. ಪಾಸ್‌ವರ್ಡ್‌ಗಳನ್ನು ಬ್ರೌಸರ್‌ನಲ್ಲಾಗಲಿ ಹಳದಿ ಚೀಟಿಯಲ್ಲಾಗಲಿ ಇಡಬಾರದು. ಅವು ಸಹಾಯಕ ಫೋಲ್ಡರ್‌ನೊಡನೆ ಯಾರ ಪೆನ್‌ಡ್ರೈವ್‌ಗಾದರೂ ಹೋಗಬಲ್ಲವು.

ನಾಲ್ಕನೆಯದಾಗಿ, ದುರಸ್ತಿಗೆ ಒಪ್ಪಿಸುವಾಗ ಪಟ್ಟಿಯ ಪ್ರತಿಯನ್ನೂ ಕೊಡಬೇಕು. ಡಿಸ್ಕ್ ಅಳಿಸುವ ಮುನ್ನ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ನಕಲು ಇದೆಯೆಂದು ಎಣಿಸುವಂತಿಲ್ಲ. ಸಾಧ್ಯವಾದರೆ ಹಳೆಯ ಡಿಸ್ಕನ್ನು ಅಳಿಸದೆ ಮೂರು ತಿಂಗಳು ಬೀಗದಲ್ಲಿಡುವುದು ಒಳಿತು.

ಐದನೆಯದಾಗಿ, ಪ್ರಭಾರ ಹಸ್ತಾಂತರದ ಪಟ್ಟಿಗೆ ಈ ಪುಟವನ್ನು ಲಗತ್ತಿಸಬೇಕು. ವಹಿಗಳಂತೆ ಇದಕ್ಕೂ ಕೊಟ್ಟವರ, ಪಡೆದವರ ಸಹಿ ಇರಬೇಕು.

ಇದು ಕೇವಲ ಶಿಸ್ತಿನ ಮಾತಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೆಯ ಪ್ರಕರಣವು ದಾಖಲೆಗಳನ್ನು ಸೂಚಿಯೊಡನೆ, ಸುಲಭವಾಗಿ ದೊರೆಯುವಂತೆ ಇಡುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರದ ಮೇಲಿರಿಸಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೆಯ ಪ್ರಕರಣದ ಪ್ರಕಾರ ವಿದ್ಯುನ್ಮಾನ ರೂಪದಲ್ಲಿ ಉಳಿಸಿದ ದಾಖಲೆ ಮುಂದೆ ಪರಾಮರ್ಶೆಗೆ ಬಳಸಬಹುದಾದ ಸ್ಥಿತಿಯಲ್ಲಿ ದೊರೆಯುತ್ತಿರಬೇಕು. ಫಾಂಟ್ ಇಲ್ಲದ ನಡಾವಳಿಯೂ ಖಾಲಿ ತೆರೆಯುವ ತೆರಿಗೆ ಪಟ್ಟಿಯೂ ಆ ಸ್ಥಿತಿಯಲ್ಲಿಲ್ಲ.

ತಂದೆಯ ಕಾಲದಲ್ಲಿ ಮನೆ ತೆರಿಗೆ ಕಟ್ಟಿದ್ದಕ್ಕೆ ಆಧಾರ ಕೇಳಿ ಬರುವ ಕುಟುಂಬದ ಕೈಯಲ್ಲಿ ರಸೀದಿ ಇಲ್ಲದಿರಬಹುದು. ಆಗ ಊರಿನ ನೆನಪಾಗಿ ಉಳಿಯುವುದು ಕಛೇರಿಯ ಪಟ್ಟಿಯೊಂದೇ. ‘ಯಂತ್ರ ಬದಲಾಯಿತು, ಹಳೆಯದು ಹೋಯಿತು’ ಎಂಬ ಉತ್ತರ ಆ ಕುಟುಂಬಕ್ಕೆ ಸಲ್ಲದು. ಯಂತ್ರ ಬದಲಾಗುತ್ತದೆ, ಅಧಿಕಾರಿ ವರ್ಗವಾಗುತ್ತಾರೆ, ಗ್ರಾಮೀಣ ಊರು ಪುರಸಭೆಯಾಗುತ್ತದೆ. ಆ ಒಂದು ಪುಟ ಬರೆಯಲು ಒಂದು ಮಧ್ಯಾಹ್ನ ಸಾಕು. ಮುಂದಿನ ದುರಸ್ತಿಗೆ ಮೊದಲೇ ಅದನ್ನು ಬರೆದಿಡುವುದು ಪ್ರತಿಯೊಂದು ಕಛೇರಿಗೂ ಹಿತಕರ.